ಬಿಲ್ಲಿನ ಬಾಗು: ಒಂದು ಕಸಬಿನ ಇತಿಹಾಸ ಮತ್ತು ಅದರ ಆಧಾರಗಳು

ಯುದ್ಧಗಳ ಇತಿಹಾಸವನ್ನು ಬರೆದವರು ಬಿಲ್ಲು ಹಿಡಿದವರ ವಿಷಯವಾಗಿ ಬಹಳ ಬರೆದಿದ್ದಾರೆ. ಬಿಲ್ಲು ಮಾಡಿದವರ ವಿಷಯವಾಗಿ ಬರೆದುದು ಅತ್ಯಲ್ಪ. ಇದಕ್ಕೆ ವಿದ್ವಾಂಸರ ಉಪೇಕ್ಷೆಯೊಂದೇ ಕಾರಣವೆನ್ನಲಾಗದು. ನಮಗೆ ದೊರೆಯುವ ಆಧಾರಗಳ ಸ್ವರೂಪವೇ ಅಂತಹುದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ತೆಗೆದುಕೊಳ್ಳೋಣ. ಅದರ ಎರಡನೆಯ ಅಧಿಕರಣದಲ್ಲಿ ಆಯುಧಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ದ್ರವ್ಯಗಳಿಂದ ಬಿಲ್ಲುಗಳಾಗುತ್ತವೆಂದೂ, ಕಾರ್ಮುಕ, ಕೋದಂಡ, ದ್ರೂಣ, ಧನುಸ್ಸು ಎಂಬಿವು ಅವುಗಳ ಹೆಸರುಗಳೆಂದೂ ಹೇಳಿ, ಹೆದೆಗೆ ತಕ್ಕ ನಾರುಗಳನ್ನೂ ಎಣಿಸಲಾಗಿದೆ. ಅಧ್ಯಕ್ಷನಿಗೆ ಬೇಕಾದುದು ಅಷ್ಟೇ. ಮರದ ತುಂಡು ಬಿಲ್ಲಾದುದು ಹೇಗೆಂಬುದು ಉಗ್ರಾಣದ ಲೆಕ್ಕಕ್ಕೆ ಸೇರಿದ ವಿಷಯವಲ್ಲ. ನಮ್ಮ ವೀರಗಲ್ಲುಗಳಲ್ಲಿ ಬಿಲ್ಲೆಳೆದು ನಿಂತ ವೀರರನ್ನು ಕಾಣುತ್ತೇವೆ. ಅವರ ಕೈಯಲ್ಲಿದ್ದ ಮರದ ಬಿಲ್ಲಾದರೋ ಮಳೆ ಗೆದ್ದಲುಗಳ ಈ ನಾಡಿನಲ್ಲಿ ಬಹುಕಾಲ ಬಾಳುವ ವಸ್ತುವಲ್ಲ.

ಆದುದರಿಂದ ಈ ಕಸಬಿನ ಇತಿಹಾಸವನ್ನು ವಿಚಾರಿಸಹೊರಟವನು, ಬರಹ ಮತ್ತು ವಸ್ತು ಎರಡೂ ಒಂದೇ ಕಾಲದಿಂದ ಉಳಿದುಬಂದಿರುವ ಎಡೆಯನ್ನು ಅರಸಬೇಕಾಗುತ್ತದೆ. ಅಂತಹ ಎಡೆ ಇಂಗ್ಲೆಂಡು; ಆ ಕಾಲ 1545ನೆಯ ವರ್ಷ. ಆ ವರ್ಷವೇ ರೋಜರ್ ಆಸ್ಕಮ್ ಎಂಬ ಕೇಂಬ್ರಿಡ್ಜಿನ ವಿದ್ವಾಂಸನು ‘ಟಾಕ್ಸೊಫಿಲಸ್’ ಎಂಬ ಬಿಲ್ಗಾರಿಕೆಯ ಗ್ರಂಥವನ್ನು ಪ್ರಕಟಿಸಿ ದೊರೆ ಎಂಟನೆಯ ಹೆನ್ರಿಗೆ ಅರ್ಪಿಸಿದನು. ಆ ವರ್ಷವೇ, ಜುಲೈ 19ರಂದು, ಅದೇ ದೊರೆಯ ‘ಮೇರಿ ರೋಸ್’ ಎಂಬ ಯುದ್ಧನೌಕೆಯು ಪೋರ್ಟ್ಸ್‌ಮತ್ ಬಂದರಿನ ಹೊರಗೆ, ಫ್ರೆಂಚ್ ನೌಕಾಪಡೆಯ ಎದುರಿನಲ್ಲಿ, ತನ್ನ ಬಿಲ್ಲುಗಳ ಸಮೇತ ಮುಳುಗಿಹೋಯಿತು.

ಮೊದಲು ಬರಹದ ಆಧಾರಗಳನ್ನು ನೋಡೋಣ. ಅವು ಹೇರಳವಾಗಿವೆ. ಲಂಡನ್ನಿನಲ್ಲಿ ಬಿಲ್ಲು ಮಾಡುವವರೂ ಬಾಣ ಮಾಡುವವರೂ 1371ರಲ್ಲಿ ಬೇರೆಬೇರೆ ಕಸಬುಗಳಾಗಿ ಒಡೆದುದು ದಾಖಲೆಯಲ್ಲಿದೆ. ಒಳ್ಳೆಯ ಯೂ ಮರ ಆ ದ್ವೀಪದಲ್ಲಿ ಸಾಲದೆ ಹೋದುದರಿಂದ, 1472ರ ಶಾಸನವು ಹೊರನಾಡಿನಿಂದ ಸರಕು ತರುವ ಹಡಗುಗಳು ಪ್ರತಿಯೊಂದು ಟನ್ ಸರಕಿಗೆ ನಾಲ್ಕು ಬಿಲ್ಲುದಂಡಗಳನ್ನು ತರತಕ್ಕದ್ದೆಂದು ವಿಧಿಸಿತು. 1484ರಲ್ಲಿ ಮೂರನೆಯ ರಿಚರ್ಡನ ಕಾಲದ ಶಾಸನವು ಮಾಮ್ಸಿ ಎಂಬ ಸಿಹಿ ಮದ್ಯದ ಪೀಪಾಯಿಯೊಂದಕ್ಕೆ ಹತ್ತು ದಂಡಗಳಂತೆ ಕೇಳಿತು. ರಾಜ್ಯದ ರಕ್ಷಣೆಯನ್ನು ಪಾನಪ್ರಿಯರ ಬಾಯಾರಿಕೆಗೆ ಗಂಟುಹಾಕಿದ ಈ ಉಪಾಯ ರಸಿಕವಾದುದೇ ಸರಿ. ಬೆಲೆ, ಸಂಖ್ಯೆ, ದಂಡನೆ, ಸುಂಕ ಎಲ್ಲವೂ ಈ ದಾಖಲೆಗಳಲ್ಲಿ ಸಿಕ್ಕುತ್ತವೆ. ಕೆಲಸ ಮಾತ್ರ ಸಿಕ್ಕುವುದಿಲ್ಲ.

ಆ ಕೆಲಸವೇನೆಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳುವುದು ಅಗತ್ಯ. ಯೂ ಮರದ ಸೀಳಿನಲ್ಲಿ ಎರಡು ಪದರಗಳುಂಟು: ತೊಗಟೆಗೆ ಹತ್ತಿದ ಬಿಳಿಯ ಹೊರಮರ, ಅದರೊಳಗಿನ ಕೆಂಗಂದು ಬಣ್ಣದ ಚೇಗು. ಹೊರಮರವು ಹಿಗ್ಗುವಿಕೆಯನ್ನೂ ಚೇಗು ಒತ್ತಡವನ್ನೂ ಚೆನ್ನಾಗಿ ತಾಳುತ್ತವೆ. ಬಿಲ್ಗಾರನಿಂದ ಆಚೆಗಿರುವ ಮೈಗೆ ಬಿಲ್ಲಿನ ಬೆನ್ನೆಂದೂ ಈಚೆಗಿರುವುದಕ್ಕೆ ಹೊಟ್ಟೆಯೆಂದೂ ಹೆಸರು. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಆದುದರಿಂದ ಬೆನ್ನಿಗೆ ಹೊರಮರವೂ ಹೊಟ್ಟೆಗೆ ಚೇಗೂ ಬರುವಂತೆ ಸೀಳನ್ನು ರೂಪಿಸುತ್ತಾರೆ. ಬೆನ್ನಿನಲ್ಲಿ ಮರದ ಎಳೆಯನ್ನು ಕಡಿಯಬಾರದು. ವರ್ಷದ ಬಳೆಯೊಂದನ್ನೇ ತುದಿಯಿಂದ ತುದಿಯವರೆಗೆ ಅನುಸರಿಸಬೇಕು. ಗಂಟು ಬಂದ ಎಡೆಯಲ್ಲಿ ಮರವನ್ನು ಉಬ್ಬಾಗಿಯೇ ಬಿಡಬೇಕು. ಇಲ್ಲಿಯವರೆಗಿನದು ನುರಿತ ಯಾವ ಬಡಗಿಯಾದರೂ ಕಲಿಯಬಲ್ಲ ಕೆಲಸ.

ಮುಂದಿನದೇ ಕಸಬಿನ ತಿರುಳು. ಇಂಗ್ಲಿಷರು ಇದನ್ನು ಟಿಲ್ಲರಿಂಗ್ ಎನ್ನುತ್ತಾರೆ. ನಾವು ಬಾಗು ತಿದ್ದುವುದೆನ್ನಬಹುದು. ತಲೆಯಲ್ಲೊಂದು ಗುಳಿ, ಪಕ್ಕದಲ್ಲಿ ಅಡಿಯವರೆಗೆ ಸಾಲುಸಾಲು ಕಚ್ಚುಗಳು ಇರುವ ಮರದ ಪಟ್ಟಿಯೇ ಟಿಲ್ಲರು. ಬಿಲ್ಲಿನ ಹಿಡಿಯನ್ನು ಗುಳಿಯಲ್ಲಿಟ್ಟು, ಹೆದೆಯನ್ನು ಒಂದೊಂದೇ ಕಚ್ಚಿಗೆ ಇಳಿಸುತ್ತ, ಕುಶಲಿಯು ಹಿಂದೆ ಸರಿದು ನಿಂತು ಬಾಗನ್ನು ನೋಡುತ್ತಾನೆ. ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೆ? ಎಲ್ಲಿಯಾದರೂ ನೆಟ್ಟಗೆ ನಿಂತಿದೆಯೆ? ನೆಟ್ಟಗೆ ನಿಂತಲ್ಲಿ ಹೊಟ್ಟೆಯ ಕಡೆಯಿಂದ ಅರದಿಂದಲೋ ಹೆರೆಯುವ ಅಲಗಿನಿಂದಲೋ ಒಂದಿಷ್ಟು ಹೊಟ್ಟು ತೆಗೆಯುತ್ತಾನೆ; ಬಿಲ್ಲನ್ನು ಹಲವು ಸಲ ಮೆಲ್ಲಗೆ ಎಳೆದು ಸಡಿಲಿಸಿ, ಮರಕ್ಕೆ ಹೊಸ ಬಾಗನ್ನು ರೂಢಿಮಾಡಿಸಿ, ಮತ್ತೆ ನೋಡುತ್ತಾನೆ. ಹೆಚ್ಚು ಬಾಗಿದ ಎಡೆಯನ್ನು ಮುಟ್ಟುವಂತಿಲ್ಲ; ಅದರ ಸುತ್ತಲಿನದನ್ನು ತೆಳುಮಾಡಿಯೇ ಅದಕ್ಕೆ ಸಮಮಾಡಬೇಕು. ಮರದ ಬಿಗುವು ಅಗಲಕ್ಕೆ ಅನುಗುಣವಾಗಿಯೂ ದಪ್ಪದ ಘನಕ್ಕೆ ಅನುಗುಣವಾಗಿಯೂ ಇರುವುದರಿಂದ, ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಹೋದರೆ ಬಿಗುವಿನಲ್ಲಿ ನೂರಕ್ಕೆ 27 ಪಾಲು ಹೋಗುತ್ತದೆ. ತೆಗೆದ ಮರವನ್ನು ಮರಳಿ ಅಂಟಿಸಲಾಗದು. ತಪ್ಪಿದರೆ ಬಿಲ್ಲು ಒಂದೆಡೆ ಕೀಲಿನಂತೆ ಮಡಿದು ಹೊಟ್ಟೆಯಲ್ಲಿ ಸಣ್ಣ ಅಡ್ಡಗೆರೆಗಳು ಬೀಳುತ್ತವೆ, ಅನಂತರ ಒಡೆಯುತ್ತದೆ. ತಪ್ಪನ್ನು ತಿದ್ದುತ್ತ ಹೋದಷ್ಟೂ ಬಿಲ್ಲಿನ ಬಲ ಇಳಿಯುತ್ತದೆ. ಹೀಗಾಗಿ ಬಲವಾದ ಬಿಲ್ಲೆಂದರೆ ಕಡಮೆ ತಪ್ಪುಗಳಲ್ಲಿ ಮುಗಿದ ಬಿಲ್ಲು ಎಂದೇ ಅರ್ಥ.

ಇದರಲ್ಲಿ ಆಸ್ಕಮನಿಂದ ತಿಳಿಯುವುದೆಷ್ಟು? ಯೂ ಮರವೇ ಉಳಿದ ಮರಗಳಿಗಿಂತ ಮೇಲೆಂದೂ, ಕೊಂಬೆಗಿಂತ ಕಾಂಡದಿಂದಾದ ಬಿಲ್ಲು ಉತ್ತಮವೆಂದೂ ಅವನು ಹೇಳುತ್ತಾನೆ. ಕೊಂಡ ಬಿಲ್ಲನ್ನು ಬಯಲಿಗೊಯ್ದು ಭಾರವಾದ ಬಾಣಗಳಿಂದ ಎಸೆದು ನೋಡಿ, ಅದು ಎಲ್ಲಿ ಹೆಚ್ಚು ಬಾಗುವುದೆಂದು ಗುರುತಿಸಿ, ಒಳ್ಳೆಯ ಕೆಲಸಗಾರನಿಂದ ಹೆರೆಸಿ, ದುಂಡಾದ ಬಾಗು ಬರುವಂತೆ ತಿದ್ದಿಸಿಕೊಳ್ಳಬೇಕೆಂಬ ಅವನ ಸಲಹೆ ಬೆಲೆಯುಳ್ಳದ್ದು. ಆದರೆ ಇದು ಕೊಳ್ಳುವವನ ಮಾತು. ಅಂಗಡಿಯ ಒಳಗೆ ನಡೆದುದನ್ನು ಅವನು ಬಾಗಿಲಲ್ಲಿ ನಿಂತು ಕಂಡಿದ್ದಾನೆ. ಅರ ಹಿಡಿಯದೆ ಅರದ ವಿಷಯ ಬರೆಯುವ ಪಂಡಿತರಲ್ಲಿ ಅವನೇ ಕೊನೆಯವನಲ್ಲ. ಈ ಲೇಖಕನೂ ಆ ಪಂಕ್ತಿಗೆ ಸೇರಿದವನು.

1595ರಲ್ಲಿ ಇಂಗ್ಲೆಂಡಿನ ರಾಜಸಭೆಯು ನಾಡಪಡೆಯ ಬಿಲ್ಲುಗಳ ಬದಲು ಬಂದೂಕುಗಳನ್ನಿಡಲು ಆಜ್ಞಾಪಿಸಿದ ಮೇಲೆ ಬಿಲ್ಲು ವಿನೋದದ ವಸ್ತುವಾಯಿತು. ಹತ್ತೊಂಬತ್ತನೆಯ ಶತಮಾನದ ಸಭ್ಯಜನರು ಗುರಿಯಾಟಕ್ಕೆ ಬಳಸಿದ ಬಿಲ್ಲುಗಳು ಬಹುಮಟ್ಟಿಗೆ 40ರಿಂದ 60 ಪೌಂಡು ಸೆಳೆತದವು. ಈ ಹಗುರವಾದ ಬಿಲ್ಲುಗಳ ನೆನಪು ಇತಿಹಾಸಕಾರರ ಕಣ್ಣಮುಂದೆ ನಿಂತಿತು. ಕ್ರೆಸಿ (1346), ಅಜಿನ್‌ಕೋರ್ಟ್ (1415) ಯುದ್ಧಗಳ ಬಿಲ್ಲು 80–90 ಪೌಂಡಿಗೆ ಮೀರಿರಲಾರದೆಂದು ಇಪ್ಪತ್ತನೆಯ ಶತಮಾನದಲ್ಲಿಯೂ ಕೆಲವರು ಅಂದಾಜು ಮಾಡಿದ್ದರು. ಈ ಅಂದಾಜನ್ನು ಅಲ್ಲಗಳೆಯುವ ಶಕ್ತಿ ಯಾವ ಶಾಸನಕ್ಕೂ ಇರಲಿಲ್ಲ. ಶಾಸನಗಳು ಬಿಲ್ಲುಗಳನ್ನು ಎಣಿಸಿದ್ದುವೇ ಹೊರತು ಎಳೆದು ನೋಡಿರಲಿಲ್ಲ.

ಮೇರಿ ರೋಸ್ ನೌಕೆಯ ಒಡಲನ್ನು 1982ರ ಅಕ್ಟೋಬರ್ 11ರಂದು ಮೇಲೆತ್ತಿದರು. ಅದಕ್ಕೆ ಮುಂಚಿನ ವರ್ಷಗಳ ಉತ್ಖನನದಲ್ಲಿ 137 ಇಡಿಯ ಬಿಲ್ಲುಗಳೂ 3,500ಕ್ಕೆ ಮೀರಿದ ಬಾಣಗಳೂ ಸಿಕ್ಕಿದುವು. 1546ರ ಆಂಟನಿ ಪಟ್ಟಿಯಲ್ಲಿ ಈ ನೌಕೆಗೆ ಬರೆದಿರುವುದು 250 ಬಿಲ್ಲುಗಳು. ಹಲವು ಬಿಲ್ಲುಗಳು ಪೆಟ್ಟಿಗೆಗಳಲ್ಲಿ ತುಂಬಿಟ್ಟಂತೆಯೇ ಇದ್ದುವು. ಉದ್ದ 1.87ರಿಂದ 2.11 ಮೀಟರು. ಹೊರಮರ, ಚೇಗು, ಗಂಟಿನ ಬಳಿ ಬಿಟ್ಟ ಉಬ್ಬು, ಹೆರೆದ ಉಪಕರಣದ ಗೆರೆ, ಹಿಡಿಯ ಬಳಿ ಕುಶಲಿಯು ಚುಚ್ಚಿದ ಗುರುತು ಎಲ್ಲವೂ ಕಣ್ಣಿಗೆ ಕಾಣುವಂತಿದ್ದುವು. ತುದಿಗಳ ಕೊಂಬಿನ ಕೊಪ್ಪುಗಳು ಮಾತ್ರ ಬಹುತೇಕ ಕರಗಿಹೋಗಿದ್ದುವು.

ಆದರೆ ಈ ಬಿಲ್ಲುಗಳನ್ನು ಎಳೆದು ಬಲವನ್ನಳೆಯುವುದು ಸಾಧ್ಯವಾಗಲಿಲ್ಲ. ನಾನೂರು ವರ್ಷಗಳಿಗೂ ಹೆಚ್ಚು ಕಾಲ ನೀರಿನಲ್ಲಿದ್ದ ಮರದ ಒಳರಚನೆ ಕ್ಷೀಣಿಸಿತ್ತು. ಎಳೆದಾಗ ಬಂದ ಅಂಕಿಗಳು ಅವುಗಳ ದಪ್ಪಕ್ಕೆ ತಕ್ಕವಾಗಿರಲಿಲ್ಲ. ಆಗ ಎರಡು ದಾರಿಗಳನ್ನು ಹಿಡಿದರು. ಒಂದು ಕಡೆ ಅಳತೆಗಳಿಂದ ಗಣಿತದ ಲೆಕ್ಕ ನಡೆಯಿತು; ಮತ್ತೊಂದು ಕಡೆ ರಾಯ್ ಕಿಂಗ್ ಎಂಬ ಬಿಲ್ಲುಕುಶಲಿಯು ಅದೇ ಅಳತೆಗಳಿಗೆ ಯೂ ಮರದಲ್ಲಿ ಪ್ರತಿಕೃತಿಗಳನ್ನು ಮಾಡಿದನು. ಎರಡೂ ಒಂದೇ ಕಡೆಗೆ ಬೆರಳು ತೋರಿದುವು: 30 ಅಂಗುಲದ ಎಳೆತಕ್ಕೆ ಈ ಬಿಲ್ಲುಗಳ ಬಲ ಸುಮಾರು 100ರಿಂದ 185 ಪೌಂಡು. ಮೇಲಿನ ಅಂಕಿಯು ಸಾಧಾರಣ ಮೈಕಟ್ಟಿನ ಮನುಷ್ಯನ ತೂಕಕ್ಕಿಂತ ಹೆಚ್ಚು. ಬಾಲ್ಯದಲ್ಲಿ ತಂದೆಯು ತನ್ನ ವಯಸ್ಸು ಬಲಗಳಿಗೆ ತಕ್ಕಂತೆ ಬಿಲ್ಲುಗಳನ್ನು ಕೊಂಡು ಕೊಟ್ಟು, ತೋಳಿನಿಂದಲ್ಲದೆ ಮೈಯ ಭಾರದಿಂದ ಎಳೆಯಲು ಕಲಿಸಿದನೆಂದು ಹ್ಯೂ ಲ್ಯಾಟಿಮರ್ 1549ರ ಉಪದೇಶದಲ್ಲಿ ಹೇಳಿದ್ದುದಕ್ಕೆ ಈಗ ಪೂರ್ಣವಾದ ಅರ್ಥ ಬಂದಿತು. ನೌಕೆಯಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿಯೂ ಭುಜದ ಎಲುಬಿನ ತುದಿ ಕೂಡಿಕೊಳ್ಳದೆ ಉಳಿದ ನಿದರ್ಶನಗಳು ಸಾಮಾನ್ಯಕ್ಕಿಂತ ಹೆಚ್ಚಾಗಿ ಕಂಡುಬಂದಿವೆ.

ಈಗ ಅರ್ಥಶಾಸ್ತ್ರದ ಪಟ್ಟಿಗೆ ಮರಳಬಹುದು. ಬಿದಿರಿನಲ್ಲಿ ಬಲವಾದ ನಾರು ಹೊರಸಿಪ್ಪೆಯ ಬಳಿ ದಟ್ಟವಾಗಿರುತ್ತದೆ. ಒಳಗೆ ಹೋದಂತೆ ವಿರಳವಾಗುತ್ತದೆ. ಯೂ ಮರದ ಬೆನ್ನಿನಂತೆ ಬಿದಿರಿನ ಸಿಪ್ಪೆಯನ್ನೂ ಮುಟ್ಟದೆ, ಒಳಮೈಯಿಂದಲೂ ಅಂಚುಗಳಿಂದಲೂ ಮಾತ್ರ ತೆಗೆದು ಬಾಗು ತಿದ್ದಬೇಕಾಗುತ್ತದೆ. ಅಲೆಗ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಭಾರತದ ಕಾಲಾಳಿನ ಬಿಲ್ಲು ಅವನಷ್ಟೇ ಎತ್ತರವೆಂದೂ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದನೆಂದೂ, ಬಾಣ ಮೂರು ಮೊಳಕ್ಕೆ ತುಸು ಕಡಮೆಯೆಂದೂ ಹೇಳಿದುದು ಏರಿಯನನ ಗ್ರಂಥದಲ್ಲಿ ಉಳಿದಿದೆ. ಆ ಬಿಲ್ಲಿನ ಬಲವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ವಿಚಾರಿಸುವುದಾದರೆ, ಆಳುದ್ದದ ಬಿದಿರಿನ ಸೀಳೊಂದನ್ನು ಟಿಲ್ಲರಿಗೇರಿಸಿ ಅದರೆದುರು ನಿಂತು ನೋಡುವುದರಿಂದ ಮೊದಲುಮಾಡಬಹುದು.