ಬುಕ್ಕರಾಯನ ಧರ್ಮಶಾಸನ

ಕ್ರಿ.ಶ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದೆಡೆಗಳ ಜೈನರು ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಪಂಚಮಹಾವಾದ್ಯ ಹಾಗೂ ಕಲಶಗಳ ಹಕ್ಕು ವಿವಾದಕ್ಕೆ ಒಳಗಾಗಿತ್ತು.

ಜೈನರನ್ನು ಕಾಡಬಾರದೆಂದಷ್ಟೇ ಆಜ್ಞಾಪಿಸಿದ್ದರೆ ಅದು ಸಹನೆಯಾಗುತ್ತಿತ್ತು. ಅರಸನಾದರೋ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂದು ವಿಧಿಸಿದನು. ಶ್ರವಣಬೆಳಗೊಳದ ಶಾಸನವು ಇದನ್ನು ದಾಖಲಿಸಿದೆ.

ಜೈನರ ಮನೆಗೊಂದು ಹಣದಂತೆ ಕೂಡಿದ ದ್ರವ್ಯದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನು ನೇಮಿಸಬೇಕಿತ್ತು. ಉಳಿದುದು ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಲು. ವೆಚ್ಚವು ಜೈನರದೇ ಆದರೂ ಕಾವಲಿನ ಹೊಣೆ ವೈಷ್ಣವನದಾಯಿತು. ಸಹನೆಯು ಅಂಗೀಕಾರವಾಗಿ ಮಾಗುವುದು ಇಂತಹ ಹೊಣೆಯಿಂದಲೇ.

ಅಂದು ಅನ್ಯರಿಂದ ದೊರೆತ ಈ ಭಾವವನ್ನು ಇಂದು ಜೈನ ಸಮಾಜವು ಅನ್ಯಮತದ ನೆರೆಯವರಿಗೆ ನೀಡುವುದೇ ಆ ಶಾಸನಕ್ಕೆ ಸಲ್ಲುವ ಗೌರವ.