ಮಂಗನ ಕಾಯಿಲೆಯೂ ದನದ ಉಣುಗೂ

ರೋಗಕ್ಕೆ ಜನರಿಡುವ ಹೆಸರು ಅದರ ಮೂಲವನ್ನು ಯಾವಾಗಲೂ ಹೇಳುವುದಿಲ್ಲ. ೧೯೫೭ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳವರು ತೀವ್ರಜ್ವರ, ತಲೆಶೂಲೆ, ರಕ್ತಸ್ರಾವಗಳಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮೊದಲು ಇದು ಹಳದಿಜ್ವರವೋ ಎಂದು ಶಂಕಿಸಿ, ಬಳಿಕ ಹೊಸದೊಂದು ವೈರಸ್ಸೆಂದು ನಿರ್ಣಯಿಸಿದರು. ಜನರಾದರೋ ಕಣ್ಣಿಗೆ ಬಿದ್ದುದನ್ನೇ ಹಿಡಿದು ಅದನ್ನು 'ಮಂಗನ ಕಾಯಿಲೆ' ಎಂದು ಕರೆದರು. ರೋಗಿಗಳಲ್ಲಿ ನೂರಕ್ಕೆ ೩ರಿಂದ ೫ ಮಂದಿಯನ್ನು ಕೊಲ್ಲುವ ಜ್ವರವಿದು.

ವಸ್ತುತಃ ಮಂಗವು ಮನುಷ್ಯನಂತೆಯೇ ಇದಕ್ಕೆ ತುತ್ತಾಗುವ ಜೀವಿ. ರೋಗವನ್ನು ದಾಟಿಸುವುದು ಉಣುಗು. ಎಳೆಯ ಉಣುಗು ಇಲಿ, ಹಕ್ಕಿ, ಮಂಗಗಳ ರಕ್ತವನ್ನು ಹೀರಿ, ಬೇಸಗೆಗೆ ಮುನ್ನ ಮನುಷ್ಯನನ್ನೂ ಕಚ್ಚುತ್ತದೆ. ಬೆಳೆದ ಉಣುಗಿಗೆ ಕಾಡಿನಲ್ಲಿ ಮೇಯುವ ದನ ಎಮ್ಮೆಗಳೇ ದೊಡ್ಡ ಆಶ್ರಯ. ದನಕ್ಕೆ ಜ್ವರ ಬಾರದು. ಅದರ ಮೈಮೇಲೆ ರಕ್ತ ಕುಡಿದ ಹೆಣ್ಣುಣುಗು ನೆಲಕ್ಕುದುರಿ ಸಾವಿರಾರು ಮೊಟ್ಟೆಗಳನ್ನಿಡುವುದು. ದನವು ವೈರಸ್ಸನ್ನು ಹೆಚ್ಚಿಸದಿದ್ದರೂ ಅದರ ವಾಹನವನ್ನು ಹೆಚ್ಚಿಸುತ್ತದೆ. ಕಾಡು ಕಡಿದು ಗದ್ದೆ ಮಾಡಿ, ಉಳಿದ ಅಂಚಿನಲ್ಲಿ ದನ ಮೇಯಿಸಿದುದೇ ರೋಗವೃದ್ಧಿಗೆ ಹೇತುವಾಯಿತೆಂಬ ವಿಚಾರವನ್ನು ಬೋಶೆಲ್ ಎಂಬ ವಿದ್ವಾಂಸನು ೧೯೬೯ರಲ್ಲಿ ಪ್ರತಿಪಾದಿಸಿದನು. ಕೆಚ್ಚಲಿಗಂಟಿದ ಉಣ್ಣೆಯನ್ನು ಬಲ್ಲ ಕನ್ನಡಿಗರು ಈ ರೋಗಕ್ಕೆ ಹೆಸರಿಡುವಾಗ ಅದನ್ನು ಮರೆತರು.

ಈ ದೃಷ್ಟಿಯಿಂದ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳು ವಿಶೇಷವಾಗಿ ವಿಚಾರಾರ್ಹವಾಗಿವೆ. ಇವುಗಳ ದಕ್ಷಿಣಕ್ಕೆ ಸೊರಬ. ವಾಯವ್ಯದಲ್ಲಿ, ೨೦೧೫ರಲ್ಲಿ ರೋಗವು ತಲೆದೋರಿದ ಗೋವೆಯ ಸತ್ತರಿ. ನಡುವಿನ ಈ ಸೀಮೆಯಲ್ಲಿ ಗೌಳಿಗರು ಎಮ್ಮೆ ಕಟ್ಟಿ ಕಾಡಂಚಿನಲ್ಲಿ ಬಾಳುತ್ತಾರೆ. ಸಿದ್ದಿಗಳೂ ಕುಣಬಿಗಳೂ ಸೌದೆ ತರಗುಗಳಿಗಾಗಿ ಕಾಡನ್ನು ಹೊಗುತ್ತಾರೆ. ಇಲ್ಲಿ ಕೊಟ್ಟಿಗೆಗೂ ಕಾಡಿಗೂ ನಡುವೆ ಬೇಲಿಯಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸಕ್ಕೆ ವಾಯು, ಉದಕ, ದೇಶ, ಕಾಲಗಳ ವಿಕೃತಿಯೇ ಕಾರಣವೆಂದು ಹೇಳಿದೆ. ಕೆಟ್ಟ ದೇಶದ ಲಕ್ಷಣಗಳಲ್ಲಿ ಮೃಗಪಕ್ಷಿಗಳ ಸಂಕಟವೂ ಒಂದು. ಪ್ರಾಚೀನರು ಉಣುಗಿನ ಕಾರ್ಯವನ್ನು ಅರಿತಿದ್ದರೆಂದು ಇದರಿಂದ ಸಾಧಿಸಲಾಗದು. ಆದರೆ ಮೃಗದ ನೋವು ಮನುಷ್ಯನಿಗೆ ಮುನ್ಸೂಚನೆಯೆಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ. ಸತ್ತ ಮಂಗದ ಸುದ್ದಿ ಬಂದೊಡನೆ ಆ ನೆಲಕ್ಕೆ ಕೀಟನಾಶಕ ಚೆಲ್ಲುವ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುವ ಕ್ರಮವು ಇದೇ ತತ್ತ್ವಕ್ಕೆ ಹೊಂದುತ್ತದೆ.

೧೯೯೦ರಿಂದ ಮನುಷ್ಯರಿಗೆ ಹಾಕುತ್ತಿದ್ದ ಲಸಿಕೆಯು ಕೆಲವು ಕಾಲ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿಯೇ ಸಿದ್ಧವಾಗುತ್ತಿದ್ದುದು ಗಮನಾರ್ಹ. ಅದರ ಬಲ ಸಾಲದೆಂದು ೨೦೨೨ರಲ್ಲಿ ಅದು ನಿಂತಿತು. ಲಸಿಕೆಯ ಆಸರೆ ತಪ್ಪಿದಲ್ಲಿ ಎಚ್ಚರವೇ ರಕ್ಷೆ. ಆ ಎಚ್ಚರವು ಸತ್ತ ಮಂಗದ ಬಳಿಯಲ್ಲಿ ಆರಂಭವಾದರೆ ಸಾಲದು. ಮೇದು ಮರಳುವ ಎಮ್ಮೆಯ ಮೈಯನ್ನು ತಡವಿ ನೋಡುವಲ್ಲಿಯೇ ಆರಂಭವಾಗಬೇಕು. ವೈದ್ಯ, ಪಶುವೈದ್ಯ, ಅರಣ್ಯಾಧಿಕಾರಿ ಈ ಮೂವರ ದಫ್ತರಗಳು ಬೇರೆಯಾದರೂ ಉಣುಗಿನ ದಾರಿ ಒಂದೇ ಆಗಿದೆ.