ಅಂಗಡಿಯ ಗಲ್ಲಾದಿಂದ ಕಾಲೇಜಿನ ಬೆಂಚಿಗೆ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಮಾತುಕತೆ ತಪ್ಪದೆ ನಡೆಯುತ್ತದೆ. ಮಗ "ಬಿ.ಬಿ.ಎ. ಸೇರುತ್ತೇನೆ" ಎನ್ನುತ್ತಾನೆ. ಮೂವತ್ತು ವರ್ಷ ಅಂಗಡಿ ನಡೆಸಿದ ತಂದೆಗೆ ನಗು ಬರುತ್ತದೆ. "ವ್ಯಾಪಾರ ಕಲಿಯಲು ಮೂರು ವರ್ಷ ಫೀಸು ಕಟ್ಟಬೇಕಾ? ನಾಳೆಯಿಂದ ಅಂಗಡಿಗೆ ಬಾ, ಆರು ತಿಂಗಳಲ್ಲಿ ಕಲಿಸುತ್ತೇನೆ" ಎನ್ನುತ್ತಾರೆ. ತಾಯಿಯ ಚಿಂತೆ ಬೇರೆ: "ಅದನ್ನು ಕಲಿತರೆ ಯಾವ ಕೆಲಸ ಸಿಗುತ್ತದೆ?"

ಎರಡೂ ಪ್ರಶ್ನೆಗಳು ನ್ಯಾಯವಾದವೇ. ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಸಬಹುದೇ ಎಂಬ ಸಂಶಯವಂತೂ ಒಂದೂವರೆ ಶತಮಾನದಷ್ಟು ಹಳೆಯದು. ಆ ಸಂಶಯ ಹೇಗೆ ಹುಟ್ಟಿತು, ಹೇಗೆ ಕರಗಿತು ಎಂಬ ಚರಿತ್ರೆಯನ್ನು ನೋಡಿದರೆ ತಂದೆಗೂ ತಾಯಿಗೂ ಉತ್ತರ ಸಿಕ್ಕೀತು.

ಕಾಲೇಜಿಲ್ಲದ ಕಾಲದ ಕಲಿಕೆ

ಕಾಲೇಜಿಲ್ಲದೆ ವ್ಯಾಪಾರದ ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 1132ರಲ್ಲಿ ಇಲ್ಲಿಗೆ ಬಂದು ಹದಿನೇಳು ವರ್ಷಗಳ ಕಾಲ ನೆಲೆಸಿದ್ದ. ಅವನಿಗೆ ಬಂದ ಪತ್ರಗಳು, ಅವನ ಲೆಕ್ಕದ ಚೀಟಿಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ಅವು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಭಾಷೆಯ ಬರಹಗಳು. ಏಡನ್‌ನಲ್ಲಿ ಅವನ ಪಾಲುದಾರರಿದ್ದರು. ಸರಕಿನ ಜೊತೆ ಸಮುದ್ರ ದಾಟಿ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ ಗುಲಾಮ ಸೇವಕನೊಬ್ಬನಿದ್ದ. ಅವನ ಹೆಸರು ಬೊಮ್ಮ ಎಂದೂ, ಅವನು ತುಳುನಾಡಿನವನೆಂದೂ ಲೇಖಕ ಅಮಿತಾವ್ ಘೋಷ್ ಗುರುತಿಸಿದ್ದಾರೆ.

ಆ ಪತ್ರಗಳಲ್ಲಿ ಒಂದು ಏಲಕ್ಕಿಯ ಜಗಳವಿದೆ. ಇಲ್ಲಿನ ಒಬ್ಬಾತ ಏಲಕ್ಕಿಗೆಂದು ಮುಂಗಡ ಹಣ ಪಡೆದು ಸರಕು ಕೊಡದೆ ಕಾಡಿಸುತ್ತಾನೆ. ಏಡನ್‌ನ ಪಾಲುದಾರ ಕೊಡುವ ಸಲಹೆ ಇಷ್ಟೆ: ಕೊಟ್ಟ ಮಾತು ಉಳಿಸಿಕೊಳ್ಳದವರನ್ನು ನಮ್ಮೂರಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆಂದು ಹೆದರಿಸು, ಹಾಗಾದರೂ ಕೊಟ್ಟಾನು. ಸಮುದ್ರದಾಚೆಯ ಸಾಲಗಾರನ ಮೇಲೆ ಆ ವ್ಯಾಪಾರಿಗಿದ್ದ ಕೈಹಿಡಿತ ಹೆಸರಿನ ಭಯ ಮಾತ್ರ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು ಎಂಬ ಮುದಾರಬಾ ಪದ್ಧತಿ ಅರಬಿ ಕಡಲಿನ ಸುತ್ತ ನಡೆದದ್ದೂ ಇಂಥ ಪರಿಚಯದ ನಂಬಿಕೆಯ ಮೇಲೆಯೇ.

ಇಂಥ ವ್ಯಾಪಾರವನ್ನು ಮಗ ತಂದೆಯ ಪಕ್ಕ ಕುಳಿತು ಕಲಿಯುತ್ತಿದ್ದ. ಕಿರ್ದಿ ಬರೆಯುವುದು, ತೂಕ ನೋಡುವುದು, ಯಾರಿಗೆ ಉದ್ರಿ ಕೊಡಬಹುದು ಎಂದು ಮುಖ ನೋಡಿ ಅಳೆಯುವುದು, ಎಲ್ಲವೂ ಜಗಲಿಯಲ್ಲೇ ಕಲಿತ ವಿದ್ಯೆ. ಅದು ಮನೆತನದ, ಜಾತಿಯ, ಸಮುದಾಯದ ಒಳಗೇ ಉಳಿಯುತ್ತಿತ್ತು. ಹೊರಗಿನವನಿಗೆ ಆ ಜಗಲಿಯಲ್ಲಿ ಜಾಗವಿರಲಿಲ್ಲ.

ಈ ಗೋಡೆಯಿಂದಾಚೆ ಯೋಚಿಸಿದವರೂ ಇದ್ದರು. ಟಿಪ್ಪು ಸುಲ್ತಾನ್ 1793-94ರಲ್ಲಿ ಹೊರಡಿಸಿದ ವ್ಯಾಪಾರದ ನಿಯಮಗಳಲ್ಲಿ ಒಂದು ಸ್ವಾರಸ್ಯದ ಯೋಜನೆಯಿದೆ. ಸರಕಾರಿ ವ್ಯಾಪಾರದಲ್ಲಿ ಪ್ರಜೆಗಳೂ ಹಣ ತೊಡಗಿಸಬಹುದು. ಸಣ್ಣ ಮೊತ್ತ ಕೊಟ್ಟವರಿಗೆ ನೂರಕ್ಕೆ 50ರಷ್ಟು ಲಾಭ, ಮಧ್ಯಮ ಮೊತ್ತಕ್ಕೆ 25, ದೊಡ್ಡ ಮೊತ್ತಕ್ಕೆ 12. ಬಡವನಿಗೆ ಹೆಚ್ಚು, ಧನಿಕನಿಗೆ ಕಡಿಮೆ! 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಅದೂ ಕೊನೆಗೊಂಡಿತು. ಆದರೆ ಗುರುತು ಪರಿಚಯವಿಲ್ಲದ ಸಾವಿರಾರು ಜನರ ಹಣವನ್ನು ಒಟ್ಟು ಮಾಡಿ ವ್ಯಾಪಾರ ನಡೆಸಬೇಕಾದರೆ ಜಗಲಿಯ ಲೆಕ್ಕ ಸಾಲದು ಎಂಬ ಸಮಸ್ಯೆ ಮುಂದಿನ ಶತಮಾನದಲ್ಲಿ ಇಡೀ ಜಗತ್ತಿಗೆ ಎದುರಾಯಿತು.

ಯಜಮಾನನ ಕಣ್ಣು ತಲುಪದಾದಾಗ

1841ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾಗಿ ಇಬ್ಬರು ಸತ್ತರು. ತನಿಖೆಯ ನಂತರ ಆ ರೈಲು ಕಂಪೆನಿ ಯಾರ ಜವಾಬ್ದಾರಿ ಎಲ್ಲಿಯವರೆಗೆ, ಯಾರು ಯಾರಿಗೆ ವರದಿ ಕೊಡಬೇಕು ಎಂಬುದನ್ನೆಲ್ಲ ಬರಹದಲ್ಲಿ ನಿಗದಿಪಡಿಸಿತು. ಆಧುನಿಕ ಆಡಳಿತ ವ್ಯವಸ್ಥೆಯ ಆರಂಭವನ್ನು ಚರಿತ್ರೆಕಾರ ಆಲ್ಫ್ರೆಡ್ ಚಾಂಡ್ಲರ್ ಇಲ್ಲಿ ಕಾಣುತ್ತಾರೆ. ಅಂಗಡಿಯ ಯಜಮಾನ ಗಲ್ಲಾದ ಮುಂದೆ ಕುಳಿತರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನೂರಾರು ಮೈಲು ಉದ್ದದ ರೈಲು ಹಾದಿಗೆ ಯಾವ ಯಜಮಾನನ ಕಣ್ಣೂ ಸಾಲದು. ಅಲ್ಲಿ ಬೇಕಾಗುವುದು ನಿಯಮ, ಲೆಕ್ಕ, ವರದಿ, ಮತ್ತು ಇವನ್ನೆಲ್ಲ ಬಲ್ಲ ಸಂಬಳದ ಆಡಳಿತಗಾರ.

ಅಂಥವರನ್ನು ತಯಾರು ಮಾಡಲು ಹುಟ್ಟಿದ್ದೇ ಬಿಸಿನೆಸ್ ಶಾಲೆ. ಪ್ಯಾರಿಸ್‌ನಲ್ಲಿ 1819ರಲ್ಲೇ ಒಂದು ವಾಣಿಜ್ಯ ಶಾಲೆ ತೆರೆದಿತ್ತು. ಅಮೆರಿಕದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿ 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು ಇಂಥ ಶಾಲೆ ತೆರೆಸಿದ. ಗುಮಾಸ್ತನಾಗಿ ಸೇರಿ ಕೆಲಸ ಕಲಿಯುವ ಹಳೆಯ ಪದ್ಧತಿ ಇನ್ನು ಸಾಲದು ಎಂಬುದು ಅವನ ವಾದವಾಗಿತ್ತು. 1908ರಲ್ಲಿ ಹಾರ್ವರ್ಡ್ ಜಗತ್ತಿನ ಮೊದಲ ಎಂ.ಬಿ.ಎ. ತರಗತಿ ಆರಂಭಿಸಿತು.

ಅಂಬೇಡ್ಕರರ ಅನುಭವ

ನಮ್ಮ ದೇಶದಲ್ಲಿ 1913ರಲ್ಲಿ ಮುಂಬಯಿಯಲ್ಲಿ ಸರಕಾರಿ ವಾಣಿಜ್ಯ ಕಾಲೇಜು ತೆರೆಯಿತು. ಇಂದಿನ ಸಿಡೆನ್‌ಹ್ಯಾಮ್ ಕಾಲೇಜು ಇದೇ. ಅದೇ ವರ್ಷ ಭಾರತೀಯ ಕಂಪೆನಿ ಕಾಯಿದೆಯೂ ಬಂತು. ಶೇರುದಾರರ ಹಣಕ್ಕೆ ಲೆಕ್ಕ ಕೊಡಬೇಕು, ಆ ಲೆಕ್ಕವನ್ನು ಹೊರಗಿನವರು ಪರಿಶೋಧಿಸಬೇಕು ಎಂದಾದಾಗ ಲೆಕ್ಕ ಬಲ್ಲವರಿಗೆ ಬೇಡಿಕೆ ಹುಟ್ಟಿತು.

ಈ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಅರ್ಥಶಾಸ್ತ್ರ ಕಲಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಅದಕ್ಕೆ ಮುಂಚೆ ಅವರು ಶೇರು ವ್ಯವಹಾರಗಳಿಗೆ ಸಲಹೆ ನೀಡುವ ಒಂದು ಸಣ್ಣ ಉದ್ಯಮ ಆರಂಭಿಸಿದ್ದರು. ಸಲಹೆ ಕೊಡುವವರು ಅಸ್ಪೃಶ್ಯ ಜಾತಿಯವರೆಂದು ತಿಳಿದಾಗ ಗಿರಾಕಿಗಳು ಬರುವುದನ್ನೇ ನಿಲ್ಲಿಸಿದರು. ಕಾಲೇಜಿನಲ್ಲೂ ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಆಕ್ಷೇಪ ಬಂತು. ಕೊಲಂಬಿಯಾದಲ್ಲಿ ಓದಿ ಬಂದವರ ವಿದ್ಯೆಗೆ ಪೇಟೆಯಲ್ಲಿ ಬೆಲೆ ಸಿಗಲಿಲ್ಲ. ವಿಶ್ವಾಸವೆಂಬುದು ಜಾತಿಯ ಒಳಗಷ್ಟೇ ಚಲಾವಣೆಯಾಗುವ ನಾಣ್ಯವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಕಿಲ್ಲ. ಆದರೂ ಕಾಲೇಜು ಅವರನ್ನು ಪ್ರಾಧ್ಯಾಪಕರ ಸ್ಥಾನದಲ್ಲಿ ನಿಲ್ಲಿಸಿತು, ಪೇಟೆ ಅಷ್ಟನ್ನೂ ಮಾಡಲಿಲ್ಲ.

ಉಡುಪಿಯ ಹಾಜಿಯವರು

ಇದಕ್ಕೆ ಕೆಲವೇ ವರ್ಷಗಳ ಹಿಂದೆ, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಒಂದು ಬ್ಯಾಂಕ್ ಆರಂಭಿಸಿದ್ದರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಜಮೆ 38 ರೂಪಾಯಿ 13 ಆಣೆ 2 ಪೈ. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಈ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಯೂನಿಯನ್ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದು ಮನೆಬಾಗಿಲಲ್ಲಿ ಆಣೆಗಳ ಲೆಕ್ಕದಲ್ಲಿ ಹಣ ಸಂಗ್ರಹಿಸಿತು.

ಹಾಜಿಯವರು ಮಾಡಿದ ಕೆಲಸದ ಮಹತ್ವವನ್ನು ನಾವು ಸರಿಯಾಗಿ ಗುರುತಿಸಿಲ್ಲ. ಅವರು ದೊಡ್ಡ ಅಂಗಡಿಯನ್ನಷ್ಟೇ ಕಟ್ಟಿ ಸುಮ್ಮನಾಗಲಿಲ್ಲ. ತಮ್ಮ ಕಾಲದ ನಂತರವೂ, ತಮ್ಮ ಮನೆತನದವರಲ್ಲದವರ ಕೈಯಲ್ಲೂ ನಡೆಯಬಲ್ಲ ಸಂಸ್ಥೆಯನ್ನು ಕಟ್ಟಿದರು. ಅಂಗಡಿಗೂ ಸಂಸ್ಥೆಗೂ ಇರುವ ವ್ಯತ್ಯಾಸ ಇದೇ. ಕಾಲೇಜಿನಲ್ಲಿ ಕಲಿಸಬಹುದಾದ ವ್ಯವಹಾರ ವಿದ್ಯೆಯ ತಿರುಳೂ ಇದೇ.

ಬಾಗಿಲು ತೆರೆದಾಗ ನಾವೆಲ್ಲಿದ್ದೆವು?

ಸ್ವಾತಂತ್ರ್ಯಾನಂತರ ಸರಕಾರಿ ಉದ್ದಿಮೆಗಳು, ಕಾರ್ಖಾನೆಗಳು ಬೆಳೆದಂತೆ ಆಡಳಿತಗಾರರ ಕೊರತೆ ಕಾಣಿಸಿತು. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದ್‌ಗಳಲ್ಲಿ ಐಐಎಂಗಳು ಸ್ಥಾಪನೆಯಾದವು. 1973ರಲ್ಲಿ ಬೆಂಗಳೂರಿಗೂ ಒಂದು ಬಂತು. 1980ರಲ್ಲಿ ಟಿ.ಎ. ಪೈಯವರು ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆ ತೆರೆದರು. ನಮ್ಮ ಪದವಿ ಕಾಲೇಜುಗಳಲ್ಲಿ ಬಹುಕಾಲ ಬಿ.ಬಿ.ಎಂ. ಎಂಬ ಹೆಸರಿನಲ್ಲಿ ನಡೆದ ಕೋರ್ಸು ನಂತರ ಬಿ.ಬಿ.ಎ. ಆಯಿತು. 2024-25ರಿಂದ ಇದಕ್ಕೆ ಎಐಸಿಟಿಇ ಅನುಮೋದನೆಯೂ ಬೇಕಾಗಿದೆ.

ಇಷ್ಟೆಲ್ಲ ಬಾಗಿಲುಗಳು ತೆರೆದಾಗ ಸಾವಿರ ವರ್ಷ ವ್ಯಾಪಾರ ಮಾಡಿದ ಸಮುದಾಯ ಎಲ್ಲಿತ್ತು? 2006ರ ಸಾಚಾರ್ ಸಮಿತಿಯ ವರದಿಯಲ್ಲಿ ಉತ್ತರವಿದೆ. ದೇಶದ ಎಲ್ಲ ಐಐಎಂಗಳ ಎಲ್ಲ ಕೋರ್ಸುಗಳ 4,743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಕೇವಲ 63, ಅಂದರೆ ಶೇಕಡಾ 1.3. ಆಗ ಜನಸಂಖ್ಯೆಯಲ್ಲಿ ಸಮುದಾಯದ ಪಾಲು ಶೇಕಡಾ 13.4. ಬಡತನ, ಶಾಲೆಯಲ್ಲೇ ಓದು ನಿಲ್ಲುವುದು, ತಾರತಮ್ಯದ ಅನುಭವ ಇವೆಲ್ಲವೂ ಇದಕ್ಕೆ ಕಾರಣ. ಆದರೆ ಇವೆಲ್ಲದರ ಜೊತೆ "ವ್ಯಾಪಾರ ನಮ್ಮ ರಕ್ತದಲ್ಲಿದೆ, ಓದುವುದೇಕೆ" ಎಂಬ ನಮ್ಮದೇ ಹಮ್ಮು ಕೂಡ ಸೇರಿಕೊಂಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ವ್ಯಾಪಾರವೇ ಅಂಗಡಿಯಿಂದ ಕಂಪೆನಿಗೆ, ಕಂಪೆನಿಯಿಂದ ಸರಣಿ ಮಳಿಗೆಗೆ, ಮೊಬೈಲಿಗೆ ಹೊರಟುಹೋಗಿತ್ತು.

ಇನ್ನು ತಾಯಿಯ ಪ್ರಶ್ನೆ. ಇಲ್ಲಿ ಸುಳ್ಳು ಭರವಸೆ ಕೊಡಬಾರದು. ಬಿ.ಬಿ.ಎ. ಎಂಬುದು ವೈದ್ಯಕೀಯದಂತೆ ನೇರವಾಗಿ ಒಂದು ವೃತ್ತಿಗೆ ಕರೆದೊಯ್ಯುವ ಪದವಿಯಲ್ಲ. ಅಷ್ಟನ್ನೇ ಹಿಡಿದು ಹೊರಟರೆ ಮೊದಲಿಗೆ ಸಿಗುವುದು ಹೆಚ್ಚಾಗಿ ಮಾರಾಟ, ವಿಮೆ, ಸಾಲ ವಸೂಲಿ, ಮಳಿಗೆ ನಿರ್ವಹಣೆಯಂಥ ಕೆಲಸ. ತಿಂಗಳ ಗುರಿ ಮುಟ್ಟದಿದ್ದರೆ ನಿದ್ದೆಯಿಲ್ಲ. ಅದರ ಮೇಲೆ ಇನ್ನೊಂದು ಮಹಡಿ ಕಟ್ಟಿದವರಿಗೆ ದಾರಿಗಳು ಹಲವು. ಲೆಕ್ಕದಲ್ಲಿ ಆಸಕ್ತಿ ಇದ್ದವರು ಸಿ.ಎ., ಕಾಸ್ಟ್ ಅಕೌಂಟೆನ್ಸಿ ಅಥವಾ ಕಂಪೆನಿ ಸೆಕ್ರೆಟರಿ ಪರೀಕ್ಷೆಗಳ ಕಡೆ ಹೋಗಬಹುದು. ಎಂ.ಬಿ.ಎ. ಬೇಕೆಂದವರಿಗೆ ಕ್ಯಾಟ್, ಪಿಜಿಸಿಇಟಿ ಪ್ರವೇಶ ಪರೀಕ್ಷೆಗಳಿವೆ. ಬ್ಯಾಂಕ್ ಅಧಿಕಾರಿ ಹುದ್ದೆಗೂ, ಕೆಎಎಸ್, ಐಎಎಸ್ ಪರೀಕ್ಷೆಗಳಿಗೂ ಯಾವುದೇ ಪದವಿ ನಡೆಯುತ್ತದೆ. ಬಂದರು ಮತ್ತು ಸರಕು ಸಾಗಣೆ, ಆಸ್ಪತ್ರೆ ಆಡಳಿತ, ಸಿಬ್ಬಂದಿ ವಿಭಾಗ ಇವೆಲ್ಲ ಹೆಣ್ಣುಮಕ್ಕಳಿಗೂ ತೆರೆದ ಕ್ಷೇತ್ರಗಳು. ಜಗಲಿಯ ಕಲಿಕೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಮಗಳಿಗೆ ಹೋಗುತ್ತಿರಲಿಲ್ಲ. ಕಾಲೇಜಿನ ಬೆಂಚಿಗೆ ಆ ಭೇದವಿಲ್ಲ. ಇದೊಂದೇ ಕಾರಣಕ್ಕಾದರೂ ನಾವು ಈ ಓದನ್ನು ಗಂಭೀರವಾಗಿ ನೋಡಬೇಕು.

ತಂದೆಯ ಮಾತಿನಲ್ಲೂ ಸತ್ಯವಿದೆ. ಗಿರಾಕಿಯ ಮುಖ ಓದುವುದನ್ನು, ಕೆಟ್ಟ ತಿಂಗಳಿನಲ್ಲಿ ತಾಳ್ಮೆ ಹಿಡಿಯುವುದನ್ನು ಯಾವ ಪಠ್ಯಪುಸ್ತಕವೂ ಕಲಿಸದು. ಆದರೆ ಅದೇ ತಂದೆ ಬ್ಯಾಂಕಿಗೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಕೇಳುವುದು ಅವರ ಮುಖವನ್ನಲ್ಲ, ಮೂರು ವರ್ಷದ ಲೆಕ್ಕವನ್ನು. ಅಪರಿಚಿತನೂ ಪರಿಶೀಲಿಸಿ ನಂಬಬಹುದಾದ ಲೆಕ್ಕವನ್ನು ಇಡಲು ಕಲಿಯುವುದೇ ಈ ಓದಿನ ಮೊದಲ ಪಾಠ. ಹುಡುಗ ಬೆಳಿಗ್ಗೆ ಕಾಲೇಜಿಗೆ ಹೋಗಲಿ, ಸಂಜೆ ಅಂಗಡಿಯಲ್ಲಿ ಕೂರಲಿ. ಕ್ಲಾಸಿನಲ್ಲಿ ಕಲಿತ ಖಾತೆಯನ್ನು ಮೊದಲು ತಂದೆಯ ಪುಸ್ತಕದಲ್ಲೇ ಬರೆದು ನೋಡಲಿ. ತಪ್ಪಿದ್ದರೆ ತಿದ್ದಲು ತಂದೆ ಎದುರಿಗೇ ಇರುತ್ತಾರೆ.